ಮೈಕಿಗಿಂತ ಮೊದಲು ಗೋಡೆ

ನಾಲ್ಕೈದು ಜನ ಗೆಳೆಯರು ಸೇರಿ ಬ್ಯಾಂಡು ಕಟ್ಟಿಕೊಂಡು ಒಂದಿಷ್ಟು ಹಾಡುಗಳು ಕೈಗೆ ಕುಳಿತವೆಂದರೆ, ಅವನ್ನು ಮನೆಯಲ್ಲೇ ಧ್ವನಿಮುದ್ರಿಸಿಕೊಳ್ಳೋಣ ಎಂಬ ಮಾತು ಬಂದೇ ಬರುತ್ತದೆ. ಬಂದ ಗಳಿಗೆಯಿಂದ ಚರ್ಚೆಯೆಲ್ಲ ಮೈಕಿನ ಸುತ್ತಲೇ. ಯಾವ ಕಂಪನಿಯದು, ಕಂಡೆನ್ಸರೋ ಡೈನಾಮಿಕ್ಕೋ, ಯಾವ ಗಾಯಕರು ಅದರ ಮುಂದೆ ನಿಂತು ಹಾಡಿದ್ದಾರೆ, ಎಷ್ಟು ರಿಯಾಯಿತಿಗೆ ಸಿಗುತ್ತದೆ. ಕೂಡಿಟ್ಟ ಹಣದ ದೊಡ್ಡ ಪಾಲು ಒಂದು ಚಂದದ ಮೈಕಿಗೆ ಹೋಗುತ್ತದೆ. ಉಳಿದದ್ದರಲ್ಲಿ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ, ಎರಡು ಇನ್‌ಪುಟ್‌ನ ಇಂಟರ್‌ಫೇಸು ಬರುತ್ತದೆ. ಹೆಡ್‌ಫೋನು ಮನೆಯಲ್ಲಿರುವುದೇ ಸಾಕು ಎಂದಾಗುತ್ತದೆ. ಎಲ್ಲಿ ಕುಳಿತು ನುಡಿಸುತ್ತೇವೆ ಎಂಬ ಪ್ರಶ್ನೆ ಕೊನೆಗೂ ಬರುವುದಿಲ್ಲ, ಯಾಕೆಂದರೆ ಕೋಣೆ ಈಗಾಗಲೇ ಇದೆಯಲ್ಲ! ಈ ಕ್ರಮ ಪೂರ್ತಿ ತಲೆಕೆಳಗಾದದ್ದು ಎಂಬುದು ನನ್ನ ವಾದ. ಮನೆಯಲ್ಲಿ ಬ್ಯಾಂಡಿನ ಧ್ವನಿಮುದ್ರಣಕ್ಕೆ ಸಲಕರಣೆ ಆರಿಸುವವರು ಮೊದಲು ಕೋಣೆಯನ್ನು ಆರಿಸಬೇಕು. ಆಮೇಲೆ ನುಡಿಸುವವರು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವ ಏರ್ಪಾಡು, ಆಮೇಲೆ ಒಟ್ಟಿಗೆ ಎಷ್ಟು ದನಿಗಳನ್ನು ಒಳಗೆ ತೆಗೆದುಕೊಳ್ಳಬಹುದೆಂಬ ಲೆಕ್ಕ. ಮೈಕಿನ ಸರದಿ ಎಲ್ಲಕ್ಕಿಂತ ಕೊನೆಗೆ.

ಇದಕ್ಕೆ ಕಾರಣ ಧ್ವನಿಮುದ್ರಣದ ಚರಿತ್ರೆಯಲ್ಲೇ ಇದೆ. ಕನ್ನಡ ಚಿತ್ರಗೀತೆಗಳ ಮುದ್ರಣಕ್ಕೆ ದಶಕಗಳ ಕಾಲ ಮದ್ರಾಸಿಗೆ ಹೋಗಬೇಕಾಗಿತ್ತು. ಎಂಬತ್ತರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದರ ಮಹತ್ವ ತಿಳಿಯುವುದು ಆ ಹಿನ್ನೆಲೆಯಲ್ಲಿ. ಆ ಕಾಲದ ಸ್ಟುಡಿಯೋಗೆ ಕೊಡುತ್ತಿದ್ದ ಬಾಡಿಗೆಯಲ್ಲಿ ಎರಡು ಸಂಗತಿಗಳು ಸೇರಿದ್ದವು. ಒಂದು ಯಂತ್ರ, ಇನ್ನೊಂದು ಕೋಣೆ. ಯಂತ್ರ ಕಣ್ಣಿಗೆ ಬೀಳುತ್ತಿತ್ತು, ಕೋಣೆ ಬೀಳುತ್ತಿರಲಿಲ್ಲ. ಕಳೆದ ನಲವತ್ತೈದು ವರ್ಷಗಳಲ್ಲಿ ಅಗ್ಗವಾದದ್ದು ಯಂತ್ರ ಮಾತ್ರ. 1979ರಲ್ಲಿ ಜಪಾನಿನ ಟಿಯಾಕ್ ಕಂಪನಿ ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕು ಮುದ್ರಿಸುವ ಪೋರ್ಟಾಸ್ಟುಡಿಯೋ ತಂದಿತು. ಇಂದು ಸಾಧಾರಣ ಬೆಲೆಯ ಇಂಟರ್‌ಫೇಸು ಕೂಡ 24 ಬಿಟ್‌ನಲ್ಲಿ ಮುದ್ರಿಸುತ್ತದೆ. ನಾವು ಸಿ.ಡಿ.ಯಲ್ಲಿ ಕೇಳಿದ್ದು 16 ಬಿಟ್. ಅದರಲ್ಲಿ ಅತಿ ಮೆಲುದನಿಗೂ ಅತಿ ಜೋರುದನಿಗೂ ನಡುವೆ ಲೆಕ್ಕದ ಪ್ರಕಾರ 96 ಡೆಸಿಬೆಲ್ ಅಂತರ. 24 ಬಿಟ್‌ನಲ್ಲಿ ಆ ಅಂತರ 144. ಮನೆಯಲ್ಲಿ ಇದನ್ನು ಪೂರ್ತಿ ಬಳಸುವುದು ಯಾರಿಂದಲೂ ಆಗದು, ಫ್ಯಾನಿನ ಸದ್ದೊಂದೇ ಅದರ ಅರ್ಧದಷ್ಟನ್ನು ನುಂಗಿಬಿಡುತ್ತದೆ. ಅಂದರೆ ಯಂತ್ರದ ಕೊರತೆ ಹೆಚ್ಚುಕಡಿಮೆ ತೀರಿಹೋಗಿದೆ. ಸ್ಟುಡಿಯೋದಿಂದ ನಮ್ಮ ಮನೆಗೆ ಬರದೆ ಅಲ್ಲೇ ಉಳಿದದ್ದು ಕೋಣೆ. ಕೊರತೆ ಎಲ್ಲಿದೆಯೋ ಹಣ ಅಲ್ಲಿಗೆ ಹೋಗಬೇಕಲ್ಲವೇ?

ಕೋಣೆ ಏನು ಮಾಡುತ್ತದೆ ಎಂಬುದಕ್ಕೆ ಊಹೆ ಬೇಕಿಲ್ಲ, ಗುಣಾಕಾರ ಭಾಗಾಕಾರ ಸಾಕು. ನಮ್ಮ ಮನೆಗಳ ಮಲಗುವ ಕೋಣೆ ಬಹುಮಟ್ಟಿಗೆ ಹತ್ತಡಿಗೆ ಹತ್ತಡಿ, ಇಲ್ಲವೇ ಹತ್ತಕ್ಕೆ ಹನ್ನೆರಡು. ತಾರಸಿಯೂ ಸುಮಾರು ಹತ್ತಡಿ ಎತ್ತರದಲ್ಲಿರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಎದುರುಬದುರು ಗೋಡೆಗಳ ನಡುವೆ ಅಲೆಯೊಂದು ಹೋಗಿ ಬಂದು ತನ್ನ ಮೇಲೆ ತಾನೇ ಕೂಡಿಕೊಳ್ಳುವ ಅತಿ ತಗ್ಗಿನ ಕಂಪನ ತಿಳಿಯಬೇಕಾದರೆ ಈ ವೇಗವನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಬೇಕು. ಹತ್ತಡಿಗೆ ಅದು 56 ಹರ್ಟ್ಸ್. ಬಾಸ್ ಗಿಟಾರಿನ ಎ ತಂತಿಯನ್ನು ಖಾಲಿ ಮೀಟಿದರೆ ಬರುವುದು 55 ಹರ್ಟ್ಸ್! ಉದ್ದ, ಅಗಲ, ಎತ್ತರ ಮೂರೂ ಹತ್ತಡಿಯಿದ್ದರೆ ಮೂರು ದಿಕ್ಕಿನಿಂದಲೂ ಅದೇ ಸ್ವರಕ್ಕೆ ಒತ್ತಾಸೆ ಸಿಗುತ್ತದೆ. ಬಾಸ್ ನುಡಿಸುವವನು ಎಷ್ಟೇ ಹದವಾಗಿ ನುಡಿಸಲಿ, ಆ ಒಂದು ಸ್ವರ ಬಂದಾಗ ಕೋಣೆ ಗುಮ್ಮೆನ್ನುತ್ತದೆ, ಪಕ್ಕದ ಸ್ವರಗಳು ಸೊರಗುತ್ತವೆ. ಇದೂ ಎಲ್ಲ ಕಡೆ ಒಂದೇ ಸಮನಲ್ಲ. ಗೋಡೆಯ ಬಳಿ, ಅದರಲ್ಲೂ ಮೂಲೆಗಳಲ್ಲಿ, ಆ ಗುಮ್ಮು ಅತಿ ಹೆಚ್ಚು. ಕೋಣೆಯ ನಟ್ಟನಡುವೆ ಅದು ಬಹುಪಾಲು ಮಾಯ. ಗೋಡೆಗೆ ಆನಿಸಿ ಕುಳಿತವನು ಬಾಸ್ ತಗ್ಗಿಸು ಎನ್ನುತ್ತಾನೆ, ನಡುವೆ ನಿಂತವನು ಏರಿಸು ಎನ್ನುತ್ತಾನೆ. ಅವರವರ ಜಾಗದಲ್ಲಿ ಇಬ್ಬರ ಮಾತೂ ನಿಜವೇ. ಮೈಕಿಗೂ ಇದೇ ಗತಿ. ಐವತ್ತು ಸಾವಿರದ ಮೈಕು ಆ ಗುಮ್ಮನ್ನು ಐದು ಸಾವಿರದ ಮೈಕಿಗಿಂತ ಹೆಚ್ಚು ನಿಷ್ಠೆಯಿಂದ ಮುದ್ರಿಸಿಕೊಡುತ್ತದೆ, ಅಷ್ಟೇ ವ್ಯತ್ಯಾಸ.

ತಗ್ಗಿನ ಕಂಪನಗಳ ಪಾಡು ಇದಾದರೆ ಏರುಸ್ವರಗಳದು ಬೇರೆ. ಸಿಮೆಂಟು ಗಾರೆಯ ಗೋಡೆ, ಕಾಂಕ್ರೀಟು ತಾರಸಿ, ನುಣುಪಾದ ಟೈಲ್ಸ್ ನೆಲ, ಗಾಜಿನ ಕಿಟಕಿ ಇವೆಲ್ಲ ಸದ್ದನ್ನು ಹೀರದೆ ಹಾಗೇ ಹಿಂದಕ್ಕೆ ಎಸೆಯುತ್ತವೆ. ಹಾಡುವ ದನಿ ಮೈಕನ್ನು ನೇರವಾಗಿ ಮುಟ್ಟುತ್ತದೆ. ಅದೇ ದನಿ ಗೋಡೆಗೆ ಬಡಿದು ಸ್ವಲ್ಪ ತಡವಾಗಿ ಮತ್ತೆ ಮುಟ್ಟುತ್ತದೆ. ಎರಡನೆಯದು ಸಾಗಿದ ದಾರಿ 34 ಸೆಂಟಿಮೀಟರ್ ಹೆಚ್ಚಾಗಿದ್ದರೆ ಒಂದು ಮಿಲಿಸೆಕೆಂಡು ತಡ. ಆ ಒಂದು ಮಿಲಿಸೆಕೆಂಡಿನಲ್ಲಿ 500 ಹರ್ಟ್ಸಿನ ಸುತ್ತಮುತ್ತ ಎರಡೂ ಪರಸ್ಪರ ಅಳಿಸಿಕೊಳ್ಳುತ್ತವೆ. ಮುಂದೆ 1500, 2500 ಹರ್ಟ್ಸುಗಳಲ್ಲೂ ಹಾಗೆಯೇ. ಮನೆಯಲ್ಲಿ ಮುದ್ರಿಸಿದ ದನಿ ಡಬ್ಬದೊಳಗಿಂದ ಬಂದಂತಿದೆ ಎಂದು ಜನ ಹೇಳುವುದು ಈ ಅಳಿಸುವಿಕೆಯನ್ನೇ. ಇದರ ತಪ್ಪನ್ನು ಮೈಕಿನ ತಲೆಗೆ ಕಟ್ಟಿ ಇನ್ನೂ ದುಬಾರಿ ಮೈಕು ತರುವುದು ನಮ್ಮಲ್ಲಿ ನಡೆದೇ ಇದೆ.

ಹಾಗಾದರೆ ಕೋಣೆಗೆ ಏನು ಮಾಡುವುದು? ಮೊಟ್ಟೆಯ ಟ್ರೇಗಳನ್ನು ಅಂಟಿಸುವುದರಿಂದ ಏನೂ ಆಗುವುದಿಲ್ಲ. ಒಂದಂಗುಲದ ಸ್ಪಂಜು ಹಾಳೆಗಳನ್ನು ಗೋಡೆ ತುಂಬ ಹೊಡೆದರೆ ಏರುಸ್ವರಗಳಷ್ಟೇ ಸತ್ತು ಬಾಸಿನ ಗುಮ್ಮು ಹಾಗೇ ಉಳಿಯುತ್ತದೆ, ಕೋಣೆ ಮೊದಲಿಗಿಂತ ಮಂಕಾಗುತ್ತದೆ. ಸದ್ದು ಹೀರುವ ವಸ್ತು ಚೆನ್ನಾಗಿ ಕೆಲಸ ಮಾಡಬೇಕಾದರೆ ಅದರ ದಪ್ಪ ಅಲೆಯ ಉದ್ದದ ಕಾಲುಭಾಗದ ಹತ್ತಿರವಿರಬೇಕು. 56 ಹರ್ಟ್ಸಿಗೆ ಆ ಕಾಲುಭಾಗವೇ ಐದಡಿ. ಸಣ್ಣ ಕೋಣೆಯಲ್ಲಿ ಅದು ಆಗದ ಮಾತು. ಆದ್ದರಿಂದ ಮೊದಲ ಉಪಾಯ ಖರ್ಚಿಲ್ಲದ್ದು: ಮನೆಯಲ್ಲಿರುವುದರಲ್ಲೇ ದೊಡ್ಡದಾದ, ಚೌಕವಲ್ಲದ ಜಾಗವನ್ನು ಆರಿಸುವುದು. ಮಗನ ಮಲಗುವ ಕೋಣೆಗಿಂತ ಹಾಲ್ ಮೇಲು. ಸೋಫಾ, ಪುಸ್ತಕದ ಕಪಾಟು, ಬಟ್ಟೆ ತುಂಬಿದ ತೆರೆದ ಬೀರು ಇವು ಅಲ್ಲಿದ್ದರೆ ಇರಲಿ. ಮಲೆನಾಡಿನ, ಕರಾವಳಿಯ ಹೆಂಚಿನ ಮನೆಗಳಲ್ಲಿ ಮಾಡು ಇಳಿಜಾರಾಗಿರುವುದರಿಂದ ನೆಲಕ್ಕೂ ಮಾಡಿಗೂ ನಡುವೆ ಸದ್ದು ನೇರ ಹೋಗಿಬರುವ ಸಮಾನಾಂತರ ಸಿಗುವುದಿಲ್ಲ. ಮಳೆಗಾಲವನ್ನು ಬಿಟ್ಟರೆ ಮುದ್ರಣಕ್ಕೆ ಅವು ಬಲು ಒಳ್ಳೆಯ ಜಾಗಗಳು. ಎರಡನೆಯ ಉಪಾಯಕ್ಕೆ ಸ್ವಲ್ಪ ಖರ್ಚಿದೆ. ನಾಲ್ಕಂಗುಲ ದಪ್ಪದ ರಾಕ್‌ವೂಲ್ ಹಲಗೆಗಳನ್ನು ಮರದ ಚೌಕಟ್ಟಿನಲ್ಲಿ ಕೂರಿಸಿ, ಬಾಯಿಂದ ಊದಿದರೆ ಗಾಳಿ ಆಚೆ ಹೋಗುವಂಥ ಹತ್ತಿಬಟ್ಟೆ ಸುತ್ತಿ, ಮೂಲೆಗಳಿಗೆ ಅಡ್ಡಲಾಗಿ, ಗೋಡೆಯಿಂದ ಸ್ವಲ್ಪ ಈಚೆಗೆ ನಿಲ್ಲಿಸಬೇಕು. ಹತ್ತಿರದ ಬಡಗಿ ಎರಡು ದಿನದಲ್ಲಿ ಮಾಡಿಕೊಡಬಲ್ಲ ಕೆಲಸ ಇದು. ರಾಕ್‌ವೂಲಿನ ನಾರು ಚುಚ್ಚುತ್ತದೆ, ಕೈಗವಸು ಮುಖಗವಸು ಮರೆಯಬಾರದು. ಇಷ್ಟಕ್ಕೂ ಕೈಯಲ್ಲಿ ಹಣವಿಲ್ಲದಿದ್ದರೆ ಹತ್ತಿಯ ಹಾಸಿಗೆಗಳನ್ನು ಗೋಡೆಗೆ ನಿಲ್ಲಿಸಿ, ಹಾಡುವವರ ಬೆನ್ನ ಹಿಂದೆ ದಪ್ಪ ಕೌದಿ ಇಳಿಬಿಟ್ಟು, ನೆಲಕ್ಕೆ ಜಮಖಾನ ಹಾಸಬಹುದು. ಬಾಸಿಗೆ ಇದು ಸಾಲದು, ದನಿಗೆ ಧಾರಾಳ ಸಾಕು. ಇನ್ನು ಬ್ಯಾಂಡಿನಲ್ಲಿ ಡೊಳ್ಳೋ ತಮಟೆಯೋ ಇದ್ದರೆ ಅವನ್ನು ಕೋಣೆಯೊಳಗೆ ತರುವುದೇ ಬೇಡ. ಅವು ಬಯಲಿಗಾಗಿ ಹುಟ್ಟಿದ ವಾದ್ಯಗಳು. ಗಾಳಿಯಿಲ್ಲದ ಬೆಳಗ್ಗೆ ಅಂಗಳದಲ್ಲೋ ಕಣದಲ್ಲೋ ಮುದ್ರಿಸಿದರೆ ಹಿಂದಿರುಗಿ ಬರುವ ಸದ್ದಿಗೆ ಗೋಡೆಯೇ ಇರುವುದಿಲ್ಲ. ಹಕ್ಕಿಯ ದನಿ ಅಷ್ಟಿಷ್ಟು ಸೇರಿದರೆ ಹಾಡಿಗೆ ನಷ್ಟವೇನಿಲ್ಲ.

ಕೋಣೆಗೆ ಇಷ್ಟು ಮಹತ್ವ ಕೊಡುವುದು ಉತ್ಪ್ರೇಕ್ಷೆ ಎನ್ನುವವರಿಗೆ ಇಂಗ್ಲೆಂಡಿನ ಹ್ಯಾಂಪ್‌ಶೈರಿನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆ ಒಳ್ಳೆಯ ಉತ್ತರ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬಡವರ ಆಶ್ರಯಕ್ಕಾಗಿ ಕಟ್ಟಿದ ಕಟ್ಟಡ ಅದು. ಲೆಡ್ ಜೆಪೆಲಿನ್ ತಂಡ ತನ್ನ ನಾಲ್ಕನೆಯ ಆಲ್ಬಮ್ಮಿಗಾಗಿ ಅಲ್ಲಿ ಬೀಡುಬಿಟ್ಟಿತ್ತು. ಮುದ್ರಣ ಯಂತ್ರಗಳು ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ಸ್ಟುಡಿಯೋ ಗಾಡಿಯಲ್ಲಿ ಮನೆಯ ಹೊರಗೆ ನಿಂತಿದ್ದವು. ‘ವೆನ್ ದ ಲೆವೀ ಬ್ರೇಕ್ಸ್’ ಹಾಡಿಗೆ ಜಾನ್ ಬಾನಮ್ಮನ ಡ್ರಮ್ಮನ್ನು ಮೆಟ್ಟಿಲ ಬುಡದ ಎತ್ತರದ ಹಜಾರದಲ್ಲಿಟ್ಟು, ಆಂಡಿ ಜಾನ್ಸ್ ಎಂಬ ತಂತ್ರಜ್ಞ ಎರಡೇ ಎರಡು ಮೈಕುಗಳನ್ನು ಮೇಲೆ ಮೆಟ್ಟಿಲ ಬಳಿ ಇರಿಸಿದ. 1971ರಲ್ಲಿ ಹೊರಬಂದ ಆ ಡ್ರಮ್ಮಿನ ಸದ್ದನ್ನು ಮುಂದೆ ಎಷ್ಟೋ ಸಂಗೀತಗಾರರು ಕತ್ತರಿಸಿ ತಮ್ಮ ಹಾಡುಗಳಿಗೆ ಜೋಡಿಸಿಕೊಂಡರು. ಆ ಮೈಕುಗಳು ಬೇಯರ್‌ಡೈನಾಮಿಕ್ ಎಂ160, ಅವೇನು ಅಗ್ಗದವಲ್ಲವಲ್ಲ ಎಂದು ಕೇಳಬಹುದು. ನಿಜ, ಅಗ್ಗದವಲ್ಲ. ಬಾನಮ್ಮನ ಕೈಯೂ ಸಾಮಾನ್ಯ ಕೈಯಲ್ಲ. ಆದರೆ ಆ ಮೈಕಿನ ಜೋಡಿಯನ್ನು ಇಂದು ಯಾರು ಬೇಕಾದರೂ ಕೊಳ್ಳಬಹುದು. ಕೊಂಡು ಹತ್ತಡಿಯ ಕೋಣೆಯಲ್ಲಿ ತೂಗುಹಾಕಿದರೆ ಹತ್ತಡಿಯ ಕೋಣೆಯ ಸದ್ದೇ ಬರುತ್ತದೆ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಉದಾಹರಣೆಯೂ ಒಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 1967ರಲ್ಲಿ ನ್ಯೂಯಾರ್ಕ್ ರಾಜ್ಯದ ವೆಸ್ಟ್ ಸಾಗರ್‌ಟೀಸ್ ಎಂಬಲ್ಲಿ, ಗುಲಾಬಿ ಬಣ್ಣ ಬಳಿದ ಬಾಡಿಗೆ ಮನೆಯೊಂದರ ನೆಲಮಾಳಿಗೆಯಲ್ಲಿ, ಬಾಬ್ ಡಿಲನ್ ಮತ್ತು ಮುಂದೆ ‘ದ ಬ್ಯಾಂಡ್’ ಎಂದೇ ಹೆಸರಾದ ತಂಡದವರು ತಿಂಗಳುಗಟ್ಟಲೆ ಹಾಡಿ ನುಡಿಸಿದರು. ಆರ್ಗನ್ ನುಡಿಸುತ್ತಿದ್ದ ಗಾರ್ತ್ ಹಡ್ಸನ್ನನೇ ಟೇಪಿನ ಉಸ್ತುವಾರಿ ನೋಡಿಕೊಂಡ. ಗಟ್ಟಿ ಗೋಡೆಯ ನೆಲಮಾಳಿಗೆ ಮುದ್ರಣಕ್ಕೆ ಯೋಗ್ಯವಾದ ಜಾಗವೇ ಅಲ್ಲ. ಆದರೂ ಆ ಟೇಪುಗಳು ಕಳ್ಳಪ್ರತಿಗಳಾಗಿ ಜಗತ್ತೆಲ್ಲ ಸುತ್ತಿ, ಕೊನೆಗೆ 1975ರಲ್ಲಿ ಅವುಗಳಲ್ಲಿ ಕೆಲವು ಅಧಿಕೃತವಾಗಿ ಬಿಡುಗಡೆಯಾದವು. ಹಾಗಾದರೆ ಕೆಟ್ಟ ಕೋಣೆಯಲ್ಲೂ ಒಳ್ಳೆಯ ಮುದ್ರಣ ಆಗುತ್ತದಲ್ಲ? ಆಗುತ್ತದೆ, ಒಂದು ಷರತ್ತಿನ ಮೇಲೆ. ಅವರು ಎದುರುಬದುರು ಕುಳಿತು, ಹಾಡುವ ದನಿ ಕೇಳಿಸುವಷ್ಟೇ ಮೆಲ್ಲಗೆ ನುಡಿಸಿದರು. ಕೋಣೆ ಕೆಣಕಿದಷ್ಟು ಕೂಗುತ್ತದೆ, ಅವರು ಕೆಣಕಲಿಲ್ಲ. ಬ್ಯಾಂಡಿನ ಹುಡುಗರು ಇದನ್ನು ಒಪ್ಪುವುದು ಕಷ್ಟ, ಜೋರಾಗಿ ನುಡಿಸಿದರೇ ಹುರುಪು ಎಂಬ ನಂಬಿಕೆ ಬಲವಾದದ್ದು. ಆದರೆ ಕೇಳುವವರ ಮನೆಯಲ್ಲಿ ಸದ್ದು ಎಷ್ಟಿರಬೇಕೆಂದು ತೀರ್ಮಾನಿಸುವುದು ಅವರ ಕೈಯಲ್ಲಿರುವ ಗುಂಡಿ. ಮುದ್ರಣದಲ್ಲಿ ಹುರುಪು ಬರುವುದು ಹೊಡೆತದ ನಿಖರತೆಯಿಂದ, ಸ್ವರದ ತೀವ್ರತೆಯಿಂದ. ಗಿಟಾರಿನ ದೊಡ್ಡ ಆಂಪಿನ ಬದಲು ಸಣ್ಣದು, ಡ್ರಮ್ಮಿಗೆ ದಪ್ಪ ಕೋಲಿನ ಬದಲು ತೆಳ್ಳನೆಯ ಕೋಲು ಅಥವಾ ಬ್ರಷ್ಷು, ಕೆಲವು ಹಾಡುಗಳಿಗೆ ಡ್ರಮ್ಮಿನ ಬದಲು ಕಹೋನೋ ಢೋಲಕ್ಕೋ ಇವೆಲ್ಲ ಸಲಕರಣೆಯ ಆಯ್ಕೆಗಳೇ. ನೆರೆಮನೆಯವರ ನೆಮ್ಮದಿಯೂ ಇದರಲ್ಲೇ ಇದೆ. ರಾಕ್‌ವೂಲ್ ಕೋಣೆಯೊಳಗಿನ ಮಾರ್ದನಿಯನ್ನು ಹೀರುತ್ತದೆಯೇ ಹೊರತು ಡ್ರಮ್ಮಿನ ಸದ್ದು ಪಕ್ಕದ ಮನೆಗೆ ಹೋಗುವುದನ್ನು ತಡೆಯುವುದಿಲ್ಲ. ಅದಕ್ಕೆ ಗೋಡೆಯ ತೂಕವೇ ಬೇಕು.

ನುಡಿಸುವವರ ಜಾಗದಿಂದಲೇ ಸಮತೋಲ ತರುವುದು ಈ ಕಲೆಯಷ್ಟೇ ಹಳೆಯದು. 1902ರಲ್ಲಿ ಧ್ವನಿಮುದ್ರಣ ತಂತ್ರಜ್ಞ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿದಾಗ ಮೈಕೂ ಇರಲಿಲ್ಲ, ವಿದ್ಯುತ್ತೂ ಬೇಕಿರಲಿಲ್ಲ. ದೊಡ್ಡ ಕೊಳವೆಯ ಬಾಯಿಗೆ ಹಾಡುಗಾರರು ಹತ್ತಿರ, ಜೋರಿನ ವಾದ್ಯದವರು ದೂರ.  ಕೆನಡಾದ ಕೌಬಾಯ್ ಜಂಕೀಸ್ ತಂಡ 1987ರ ನವೆಂಬರಿನಲ್ಲಿ ಟೊರಾಂಟೋದ ಚರ್ಚೊಂದರಲ್ಲಿ ಒಂದೇ ಮೈಕಿನ ಸುತ್ತ ಕುಳಿತು ಇಡೀ ಆಲ್ಬಮ್ಮನ್ನೇ ಮುದ್ರಿಸಿತು. ಅಲ್ಲೂ ಹೆಚ್ಚು ಹೊತ್ತು ಹೋದದ್ದು ಯಾರು ಎಲ್ಲಿ ಕೂರಬೇಕು ಎಂಬುದಕ್ಕೆ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದರೆ ಸದ್ದು ಆರು ಡೆಸಿಬೆಲ್ ಇಳಿಯುತ್ತದೆ. ಒಂದು ಹೆಜ್ಜೆ ಹಿಂದೆ ಸರಿಯುವುದಕ್ಕೆ ಇರುವ ಶಕ್ತಿ ಅದು.

ಕೋಣೆಯ ನಂತರ ಕಿವಿ. ಒಬ್ಬರು ಇನ್ನೊಬ್ಬರನ್ನು ಸ್ಪಷ್ಟವಾಗಿ ಕೇಳಿಸಿಕೊಳ್ಳದಿದ್ದರೆ ಅದು ಬ್ಯಾಂಡಾಗುವುದಿಲ್ಲ, ಒಂದೇ ಹೊತ್ತಿನಲ್ಲಿ ನುಡಿಸುತ್ತಿರುವ ಐದು ಮಂದಿಯಾಗುತ್ತದೆ. ಆದ್ದರಿಂದ ಪ್ರತಿಯೊಬ್ಬರಿಗೂ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು ಬೇಕು, ಅವೆಲ್ಲಕ್ಕೂ ದನಿ ಹಂಚುವ ನಾಲ್ಕು ಅಥವಾ ಆರು ದಾರಿಯ ಹೆಡ್‌ಫೋನ್ ಆಂಪು ಬೇಕು. ಯಾರ ಆಸೆಪಟ್ಟಿಯಲ್ಲೂ ಇರದ ಪೆಟ್ಟಿಗೆ ಇದು. ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದೂ ಇದೇ. ಇಲ್ಲಿ ವಿಳಂಬದ ಲೆಕ್ಕವನ್ನು ಮರೆಯುವಂತಿಲ್ಲ. ಕಂಪ್ಯೂಟರಿನ ಬಫರ್ 512 ಸ್ಯಾಂಪಲ್ ಇದ್ದರೆ ಸಿ.ಡಿ.ಯ ವೇಗದಲ್ಲಿ ಸುಮಾರು ಹನ್ನೆರಡು ಮಿಲಿಸೆಕೆಂಡು ತಡ, ಒಳಹೋಗಿ ಹೊರಬರುವಷ್ಟರಲ್ಲಿ ಇಮ್ಮಡಿ. ಅಷ್ಟು ಹೊತ್ತಿಗೆ ಗಾಳಿಯಲ್ಲಿ ಸದ್ದು ಎಂಟು ಮೀಟರ್ ಸಾಗಿರುತ್ತದೆ. ಹಾಡುವವಳಿಗೆ ತನ್ನದೇ ದನಿ ಎಂಟು ಮೀಟರ್ ಆಚೆಯಿಂದ ಬಂದರೆ ಲಯ ಹೇಗೆ ಹಿಡಿದಾಳು? ಕಂಪ್ಯೂಟರಿಗೆ ಹೋಗುವ ಮೊದಲೇ ದನಿಯನ್ನು ಹೆಡ್‌ಫೋನಿಗೆ ತಿರುಗಿಸುವ ನೇರ ಮಾನಿಟರಿಂಗ್ ಸೌಲಭ್ಯ ಇಂಟರ್‌ಫೇಸಿನಲ್ಲಿ ಇದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಮಾನಿಟರ್ ಸ್ಪೀಕರುಗಳ ವಿಚಾರ ಚಿಕ್ಕದು: ಸಣ್ಣ ಕೋಣೆಗೆ ಐದಂಗುಲದವು ಸಾಕು, ಎಂಟಂಗುಲದವು ಗೋಡೆಗಳನ್ನು ಇನ್ನಷ್ಟು ಕೆಣಕುತ್ತವೆ.

ಮೂರನೆಯದು ಇನ್‌ಪುಟ್‌ಗಳ ಸಂಖ್ಯೆ. ಡ್ರಮ್ಮಿನ ಕಿಕ್ಕಿಗೆ ಒಂದು, ಸ್ನೇರಿಗೆ ಒಂದು, ಮೇಲಿನಿಂದ ಇಡೀ ಡ್ರಮ್ಮನ್ನು ಹಿಡಿಯುವುದಕ್ಕೆ ಎರಡು, ಬಾಸಿಗೆ ಒಂದು, ಗಿಟಾರಿಗೆ ಒಂದು, ಕೀಬೋರ್ಡಿಗೆ ಒಂದು, ದಾರಿತೋರುವ ಹಾಡಿಗೆ ಒಂದು, ಒಟ್ಟು ಎಂಟು. ಮೈಕಿನ ಮೆಲ್ಲನೆಯ ಸಂಕೇತವನ್ನು ಹಿಗ್ಗಿಸುವ ಪ್ರೀಆಂಪುಗಳು ಎಂಟಿರುವ ಇಂಟರ್‌ಫೇಸುಗಳನ್ನು ಬೆಹ್ರಿಂಗರ್, ಫೋಕಸ್‌ರೈಟ್ ಮುಂತಾದ ಕಂಪನಿಗಳು ಮಾಡುತ್ತವೆ. ಅಂಥವುಗಳಲ್ಲಿ ಹಲವಕ್ಕೆ ಎಡ್ಯಾಟ್ ಎಂಬ ಬೆಳಕಿನ ತಂತಿಯ ಮೂಲಕ 48 ಕಿಲೋಹರ್ಟ್ಸಿನಲ್ಲಿ ಇನ್ನೂ ಎಂಟು ಜೋಡಿಸಲು ಬರುತ್ತದೆ. ಹಣ ಅಷ್ಟೇ ಇದ್ದು, ಎರಡು ಉತ್ತಮ ಪ್ರೀಆಂಪು ಬೇಕೋ ಎಂಟು ಸಾಧಾರಣದವು ಬೇಕೋ ಎಂಬ ಪ್ರಶ್ನೆ ಬಂದರೆ ಬ್ಯಾಂಡಿಗೆ ಎಂಟೇ ಸರಿ. ಈಗಿನ ಸಾಧಾರಣ ಪ್ರೀಆಂಪುಗಳ ಸ್ವಂತ ಗುಸುಗುಸು ಮನೆಯ ಸದ್ದಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಎರಡೇ ಇನ್‌ಪುಟ್ ಇಟ್ಟುಕೊಂಡು ಒಬ್ಬೊಬ್ಬರಾಗಿ ಮುದ್ರಿಸಿದರೆ ಏನು ತಪ್ಪು, ತಪ್ಪು ಸ್ವರ ಬಂದರೆ ಒಬ್ಬರದನ್ನೇ ತಿದ್ದಬಹುದಲ್ಲ, ಒಬ್ಬರ ಮೈಕಿಗೆ ಇನ್ನೊಬ್ಬರ ಸದ್ದು ನುಗ್ಗುವುದೂ ತಪ್ಪುತ್ತದಲ್ಲ ಎಂಬ ಆಕ್ಷೇಪ ಬಲವಾದದ್ದು. ಹಾಡು, ಕೊಳಲು, ಗಿಟಾರಿನ ಸೋಲೋ ಇಂಥವನ್ನು ಹಾಗೆ ಬೇರೆಯಾಗಿ ಮುದ್ರಿಸುವುದನ್ನು ನಾನೂ ಒಪ್ಪುತ್ತೇನೆ. ಡ್ರಮ್ಮು, ಬಾಸು, ತಾಳದ ಗಿಟಾರು ಮೂರನ್ನು ಬೇರ್ಪಡಿಸುವುದನ್ನು ಒಪ್ಪುವುದಿಲ್ಲ. ಬಾಸ್ ನುಡಿಸುವವನು ಒಂದು ಕೂದಲೆಳೆ ಹಿಂದೆ ಸರಿದಾಗ ಡ್ರಮ್ಮಿನವನು ಅದನ್ನು ಕಂಡು ತಾನೂ ಸಡಿಲಿಸುತ್ತಾನೆ. ಬ್ಯಾಂಡು ವರ್ಷಗಟ್ಟಲೆ ತಾಲೀಮು ಮಾಡಿ ಗಳಿಸಿದ್ದು ಈ ಕೊಡುಕೊಳ್ಳುವಿಕೆಯನ್ನೇ. ಮೊನ್ನೆ ಮುದ್ರಿಸಿಟ್ಟ ಡ್ರಮ್ಮು ಇವತ್ತಿನ ಬಾಸಿಗೆ ಕಿವಿಗೊಡುವುದಿಲ್ಲ.

ಇನ್ನು ಮೈಕು. ಮನೆಯ ಬ್ಯಾಂಡಿನ ಬಹುಪಾಲು ಕೆಲಸವನ್ನು ಮೂರು ನಾಲ್ಕು ಗಟ್ಟಿಮುಟ್ಟಾದ ಡೈನಾಮಿಕ್ ಮೈಕುಗಳು ಮಾಡುತ್ತವೆ. ಶೂರ್ ಕಂಪನಿಯ ಎಸ್‌ಎಂ57 ಹುಟ್ಟಿದ್ದು 1965ರಲ್ಲಿ, ಎಸ್‌ಎಂ58 ಮರುವರ್ಷ. ಗಿಟಾರ್ ಆಂಪಿಗೆ, ಸ್ನೇರಿಗೆ, ಹಾಡಿಗೆ ಇವತ್ತಿಗೂ ಅವುಗಳ ಬಳಕೆ ನಿಂತಿಲ್ಲ. ನಕಲಿಗಳು ಬಹಳ ಇರುವುದರಿಂದ ನಂಬಿಕೆಯ ಅಂಗಡಿಯಲ್ಲೇ ಕೊಳ್ಳಬೇಕು. ಅವುಗಳ ಜೊತೆಗೆ ಕಿಕ್ಕಿಗೊಂದು ಮೈಕು, ಡ್ರಮ್ಮಿನ ಮೇಲಕ್ಕೂ ತಬಲ, ಮೃದಂಗ, ಕೊಳಲಿಗೂ ಆಗುವಂಥ ಸಣ್ಣ ಕಂಡೆನ್ಸರುಗಳ ಒಂದು ಜೋಡಿ. ಈ ಕಂಡೆನ್ಸರುಗಳಿಗೆ ಇಂಟರ್‌ಫೇಸಿನಿಂದ 48 ವೋಲ್ಟ್ ಫ್ಯಾಂಟಮ್ ಪವರ್ ಕೊಡಬೇಕು. ಕಂಡೆನ್ಸರು ಕೋಣೆಯನ್ನೆಲ್ಲ ಎಳೆದುಕೊಳ್ಳುತ್ತದೆ, ಡೈನಾಮಿಕ್ಕು ಎಳೆದುಕೊಳ್ಳುವುದಿಲ್ಲ ಎಂಬ ಮಾತು ಪ್ರಚಾರದಲ್ಲಿದೆ, ಅದು ಪೂರ್ತಿ ನಿಜವಲ್ಲ. ಕೋಣೆ ಎಷ್ಟು ಒಳಬರುತ್ತದೆ ಎಂಬುದು ಮೈಕು ಎಷ್ಟು ದೂರದಲ್ಲಿದೆ, ಯಾವ ದಿಕ್ಕಿಗೆ ಕಿವುಡಾಗಿದೆ ಎಂಬುದರ ಮೇಲೆ ನಿಂತಿದೆ. ಕಾರ್ಡಿಯಾಯ್ಡ್ ಮೈಕು ತನ್ನ ಬೆನ್ನ ಹಿಂದಿನದನ್ನು ಅತಿ ಕಡಿಮೆ ಕೇಳಿಸಿಕೊಳ್ಳುತ್ತದೆ. ಆದ್ದರಿಂದ ಹಾಡಿನ ಮೈಕಿನ ಬೆನ್ನು ಡ್ರಮ್ಮಿನ ಕಡೆಗಿರಬೇಕು. ಎರಡು ಮೈಕುಗಳ ನಡುವಿನ ಅಂತರ, ಮೈಕಿಗೂ ವಾದ್ಯಕ್ಕೂ ಇರುವ ಅಂತರದ ಮೂರರಷ್ಟಾದರೂ ಇರಬೇಕು. ಡ್ರಮ್ಮಿನ ಮೇಲಿನ ಎರಡೂ ಮೈಕುಗಳು ಸ್ನೇರಿನಿಂದ ಸಮಾನ ದೂರದಲ್ಲಿರಬೇಕು, ದಾರ ಹಿಡಿದು ಅಳೆದರೆ ಆಯಿತು. ಈ ದಾರದ ಕೆಲಸವನ್ನು ಯಾವ ದುಬಾರಿ ಮೈಕೂ ಮಾಡಿಕೊಡದು. ಅಗ್ಗದ ಸಲಕರಣೆಯ ಪರ ವಾದಿಸುವವರು ಬ್ರೂಸ್ ಸ್ಪ್ರಿಂಗ್‌ಸ್ಟೀನನ ‘ನೆಬ್ರಾಸ್ಕ’ವನ್ನು ನೆನೆಯುತ್ತಾರೆ. 1982ರಲ್ಲಿ ಬಂದ ಆ ಆಲ್ಬಮ್ಮನ್ನು ಅವನು ಮನೆಯಲ್ಲೇ ಟಿಯಾಕ್ ಪೋರ್ಟಾಸ್ಟುಡಿಯೋ ಮತ್ತು ಎರಡು ಎಸ್‌ಎಂ57ಗಳಿಂದ ಮುದ್ರಿಸಿದ್ದು ನಿಜ. ಆದರೆ ಅದು ಒಬ್ಬನೇ ಮನುಷ್ಯ, ಗಿಟಾರು, ಮೌತ್ ಆರ್ಗನ್ನು. ಅಲ್ಲಿ ಡ್ರಮ್ಮಿಲ್ಲ, ಒಬ್ಬರ ಸದ್ದು ಇನ್ನೊಬ್ಬರ ಮೈಕಿಗೆ ನುಗ್ಗುವ ತೊಂದರೆಯಿಲ್ಲ. ಬ್ಯಾಂಡಿನವರು ಅದನ್ನು ತಮಗೆ ಅನ್ವಯಿಸಿಕೊಳ್ಳಬಾರದು.

ನಮ್ಮ ಮನೆಗಳಿಗೆ ಸಂಬಂಧಪಟ್ಟ ಇನ್ನೊಂದು ವಸ್ತು ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಅದು ಅರ್ಥಿಂಗ್. ನಮ್ಮ ವಿದ್ಯುತ್ತು 50 ಹರ್ಟ್ಸಿನದು; ಬಾಸ್ ಗಿಟಾರಿನ ಅತಿ ತಗ್ಗಿನ ಜಿ ಸ್ವರ 49 ಹರ್ಟ್ಸ್. ಅರ್ಥಿಂಗ್ ಕೆಟ್ಟಿದ್ದರೆ ಮುದ್ರಣಕ್ಕೆ ಸೇರುವ ವಿದ್ಯುತ್ತಿನ ಗುಂಯ್ ಸದ್ದನ್ನು ಸಾಫ್ಟ್‌ವೇರಿನಲ್ಲಿ ತೆಗೆದುಹಾಕಲು ಹೋದರೆ ಬಾಸಿನ ಸ್ವರವೂ ಅದರೊಂದಿಗೆ ಹೋಗುತ್ತದೆ. ಮೈಕಿಗೆ ಹಣ ಕೊಡುವ ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ಥಿಂಗ್ ಪರೀಕ್ಷಿಸಿ, ಎಲ್ಲ ಸಲಕರಣೆಗೂ ಒಂದೇ ಪ್ಲಗ್ ಪಾಯಿಂಟಿನಿಂದ ವಿದ್ಯುತ್ತು ಬರುವಂತೆ ಮಾಡಿಸಿಕೊಳ್ಳುವುದು ಲೇಸು. ಸದ್ದು ಹೋಗಲೆಂದು ಮೂರನೆಯ ಪಿನ್ನು ಕೀಳುವವರಿದ್ದಾರೆ. ಕೈಯಲ್ಲಿ ಲೋಹದ ತಂತಿಯ ಗಿಟಾರು, ತುಟಿಯ ಮುಂದೆ ಲೋಹದ ಮೈಕು ಇರುವಾಗ ಅದು ಪ್ರಾಣಕ್ಕೇ ಸಂಚಕಾರ, ಯಾರೂ ಮಾಡಬಾರದು.

ಕೊನೆಯ ದೊಡ್ಡ ಆಕ್ಷೇಪ ಕಾಲದ್ದು. ಈಗ ಸಾಫ್ಟ್‌ವೇರೇ ಮಾರ್ದನಿ ತೆಗೆಯುತ್ತದೆ, ವಾದ್ಯಗಳನ್ನು ಬಿಡಿಸುತ್ತದೆ, ಕೋಣೆಯ ಚಿಂತೆ ಏಕೆ ಎನ್ನುತ್ತಾರೆ. ಈ ಮಾತಿಗೆ ಬಲವಾದ ಸಾಕ್ಷಿಯೂ ಇದೆ. ಜಾನ್ ಲೆನನ್ ಎಪ್ಪತ್ತರ ದಶಕದಲ್ಲಿ ಮನೆಯಲ್ಲಿ ಪಿಯಾನೋ ನುಡಿಸುತ್ತ ಕ್ಯಾಸೆಟ್ಟಿಗೆ ಹಾಡಿಟ್ಟಿದ್ದ ‘ನೌ ಅಂಡ್ ದೆನ್’ ಹಾಡನ್ನು ಉಳಿದ ಬೀಟಲ್ಸ್ ಸಂಗಡಿಗರು 1995ರಲ್ಲಿ ಎತ್ತಿಕೊಂಡು, ದನಿ ಪಿಯಾನೋದಿಂದ ಬೇರ್ಪಡದೆ, ಗುಂಯ್ ಸದ್ದು ಹೋಗದೆ ಕೈಬಿಟ್ಟಿದ್ದರು. ಯಂತ್ರಕಲಿಕೆಯ ತಂತ್ರ ಬಂದ ಮೇಲೆ ದನಿ ಬೇರ್ಪಟ್ಟು 2023ರಲ್ಲಿ ಹಾಡು ಹೊರಬಂತು. ಅದು ನಿಜಕ್ಕೂ ಅದ್ಭುತ. ಆದರೆ ಅಲ್ಲಿ ಬೇರೆ ದಾರಿಯೇ ಇರಲಿಲ್ಲ, ಹಾಡಿದವನು ತೀರಿಹೋಗಿದ್ದ. ನಮ್ಮ ಹಾಡುಗಾರ್ತಿ ಎದುರಿಗೇ ನಿಂತಿದ್ದಾಳೆ. ಮೈಕನ್ನು ಅರ್ಧ ಅಡಿ ಹತ್ತಿರ ತಂದು, ಬೆನ್ನಿಗೆ ಕೌದಿ ಕಟ್ಟಿ ಮತ್ತೊಮ್ಮೆ ಹಾಡಿಸಬಹುದಾದ್ದನ್ನು ಯಂತ್ರಕ್ಕೆ ಒಪ್ಪಿಸುವುದೇಕೆ? ಯಂತ್ರ ಕೋಣೆಯನ್ನು ತೆಗೆಯುವಾಗ ದನಿಯ ಅಂಚನ್ನೂ ಸವರಿಬಿಡುತ್ತದೆ. ಬಾಡಿಗೆ ಮನೆಯ ಗೋಡೆಗೆ ಖರ್ಚು ಮಾಡುವುದು ವ್ಯರ್ಥ ಎನ್ನುವವರಿಗೆ ಉತ್ತರ ಸುಲಭ: ಚೌಕಟ್ಟಿನ ಹಲಗೆಗಳು ಮನೆ ಬದಲಾಯಿಸಿದಾಗ ಜೊತೆಗೇ ಬರುತ್ತವೆ. ಎಷ್ಟು ಮಾಡಿದರೂ ಕೋಣೆ ಒಪ್ಪದಿದ್ದರೆ ಡ್ರಮ್ಮು ಬಾಸುಗಳಿಗೆ ಒಂದು ದಿನ ಸ್ಟುಡಿಯೋ ಬಾಡಿಗೆ ಹಿಡಿದು, ಮಿಕ್ಕದ್ದನ್ನು ಮನೆಯಲ್ಲಿ ಮುಗಿಸುವುದರಲ್ಲಿ ಸೋಲೇನೂ ಇಲ್ಲ. ಆಗಲೂ ಬಾಡಿಗೆಗೆ ಪಡೆಯುವುದು ಮುಖ್ಯವಾಗಿ ಕೋಣೆಯನ್ನೇ.

ಕೈಯಲ್ಲಿ ಒಂದು ಲಕ್ಷ ರೂಪಾಯಿ ಇದೆ ಎಂದಿಟ್ಟುಕೊಂಡರೆ, ನನ್ನ ಲೆಕ್ಕದಲ್ಲಿ ಕಾಲುಭಾಗ ಕೋಣೆಗೆ, ಮೂರನೆಯ ಒಂದು ಭಾಗ ಎಂಟು ಇನ್‌ಪುಟ್‌ನ ಇಂಟರ್‌ಫೇಸಿಗೆ. ಹೆಡ್‌ಫೋನುಗಳಿಗೆ, ಅವುಗಳ ಆಂಪಿಗೆ, ಒಳ್ಳೆಯ ಕೇಬಲ್ಲು ಸ್ಟ್ಯಾಂಡುಗಳಿಗೆ ಹದಿನೈದು ಇಪ್ಪತ್ತು ಸಾವಿರ ತೆಗೆದಿಟ್ಟು, ಉಳಿದದ್ದರಲ್ಲಿ ಬಂದಷ್ಟು ಮೈಕು. ಸಾಲದಿದ್ದರೆ ಗೆಳೆಯರಿಂದ ಎರವಲು ತಂದರಾಯಿತು. ಯಾವುದನ್ನೂ ಆರ್ಡರ್ ಮಾಡುವ ಮೊದಲು ಈ ಭಾನುವಾರ ಬ್ಯಾಂಡಿನವರೆಲ್ಲ ಮನೆಯಲ್ಲಿ ಸೇರಿ. ಫ್ಯಾನು ನಿಲ್ಲಿಸಿ, ಫೋನಿನ ರೆಕಾರ್ಡರ್ ಹಚ್ಚಿ, ಒಂದೇ ಹಾಡನ್ನು ಹಾಲಿನಲ್ಲಿ, ಮಲಗುವ ಕೋಣೆಯಲ್ಲಿ, ಸಾಧ್ಯವಾದರೆ ಅಂಗಳದಲ್ಲಿ ನುಡಿಸಿ ಮುದ್ರಿಸಿಕೊಳ್ಳಿ. ಮರುದಿನ ಮೂರನ್ನೂ ಹೆಡ್‌ಫೋನಿನಲ್ಲಿ ಒಟ್ಟಿಗೆ ಕೂತು ಕೇಳಿ, ಜಾಗ ಯಾವುದೆಂದು ತೀರ್ಮಾನಿಸಿಕೊಂಡು, ಆಮೇಲೆ ಅಂಗಡಿಗೆ ಹೋಗಿ.